ಅನುಭೋಗವೂ ದಾಸೋಹವೂ

ಒಂದು ಮನೆತನದ ಏಳಿಗೆಯನ್ನು ಅರಿಯಬೇಕಾದರೆ ಅದರ ಗಳಿಕೆಯೊಡನೆ ವೆಚ್ಚದ ರೀತಿಯನ್ನೂ ನೋಡಬೇಕಾಗುತ್ತದೆ. ರಾಷ್ಟ್ರಕ್ಕೂ ಈ ಮಾತು ಸಲ್ಲುತ್ತದೆ. ಕುಟುಂಬಗಳೂ ಸರಕಾರವೂ ನಿತ್ಯದ ಅಗತ್ಯಗಳಿಗಾಗಿ ಮಾಡುವ ಖರ್ಚನ್ನು ಅರ್ಥಶಾಸ್ತ್ರಜ್ಞರು ಅನುಭೋಗ ವೆಚ್ಚವೆಂದು ಕರೆಯುತ್ತಾರೆ. ಭಾರತದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಕುಟುಂಬಗಳ ಈ ವೆಚ್ಚ ನೂರಕ್ಕೆ ಸುಮಾರು 60ರಷ್ಟು, ಸರಕಾರದ್ದು ಸುಮಾರು 10ರಷ್ಟು. ಮಠಮಾನ್ಯಗಳಂತಹ ಸೇವಾಸಂಸ್ಥೆಗಳ ವೆಚ್ಚವನ್ನು ಕುಟುಂಬಗಳ ವೆಚ್ಚದೊಂದಿಗೇ ಎಣಿಸುವುದು ನಮ್ಮ ದೇಶದ ಪದ್ಧತಿ.

ಕಾಲ ಸರಿದಂತೆ ಕುಟುಂಬಗಳ ವೆಚ್ಚದ ಸ್ವರೂಪವೂ ಬದಲಾಗಿದೆ. 1999-2000ರಲ್ಲಿ ದೇಶದ ಗ್ರಾಮೀಣ ಕುಟುಂಬವು ಖರ್ಚಿನ ನೂರು ರೂಪಾಯಿಗಳಲ್ಲಿ ಸುಮಾರು 59ನ್ನು ಆಹಾರಕ್ಕೇ ವ್ಯಯಿಸುತ್ತಿತ್ತು. 2022-23ರ ಸಮೀಕ್ಷೆಯಲ್ಲಿ ಅದು ಸುಮಾರು 46ಕ್ಕೆ ಇಳಿದಿದೆ. ಹೊಟ್ಟೆಯ ಚಿಂತೆ ತಗ್ಗಿದಷ್ಟೂ ಇತರ ಬೇಡಿಕೆಗಳಿಗೆ ಅವಕಾಶ ದೊರೆಯುತ್ತದೆ. ಔರಾದ, ಭಾಲ್ಕಿಗಳ ತೊಗರಿ ಬೆಳೆಯುವ ರೈತನಿಗಾಗಲಿ, ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಕಾರ್ಮಿಕನಿಗಾಗಲಿ, ಆ ಬೇಡಿಕೆಗಳಲ್ಲಿ ಮಕ್ಕಳ ವಿದ್ಯೆಯೇ ಮೊದಲನೆಯದಾಗಬೇಕಾದುದು ನ್ಯಾಯ.

ಸರಕಾರದ ವೆಚ್ಚವೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತು. 2002ರಲ್ಲಿ ಬೀದರ ಸೇರಿದಂತೆ ರಾಜ್ಯದ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಕಲ್ಯಾಣದ ಶರಣರು ಬಾಳಿ ತೋರಿದ ತತ್ತ್ವವೊಂದು ಎಂಟು ಶತಮಾನಗಳ ತರುವಾಯ ಸರಕಾರದ ಆಯವ್ಯಯವನ್ನು ಸೇರಿತು.

ಆದರೆ ಲೆಕ್ಕಶಾಸ್ತ್ರದಲ್ಲಿ ಒಂದು ವೈಚಿತ್ರ್ಯವುಂಟು. ಶಾಲೆಯ ಕಟ್ಟಡಕ್ಕೆ ಸುರಿದ ಹಣ ಬಂಡವಾಳವೆನಿಸುತ್ತದೆ; ಆ ಕಟ್ಟಡದೊಳಗೆ ಪಾಠ ಹೇಳುವ ಉಪಾಧ್ಯಾಯರ ವೇತನ ಅನುಭೋಗವೆನಿಸುತ್ತದೆ. ಗೋಡೆ ಉಳಿಯುವಂಥದು, ಪಾಠ ಕರಗುವಂಥದು ಎಂಬುದು ಇದರ ಧ್ವನಿ. ಈ ನಾಡಿನ ಅನುಭವ ಇದಕ್ಕೆ ವ್ಯತಿರಿಕ್ತವಾಗಿದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಈ ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿದ್ದು ಕಲ್ಲುಗೋಡೆಗಳಲ್ಲ, ಕಲಿಸಿದವರ ನಿಷ್ಠೆ ಮತ್ತು ಕಲಿಯುವವರಿಗೆ ದೊರೆತ ಅನ್ನ.

ದಾನಿಗಳು ಈ ಅಂಶವನ್ನು ಮನಗಾಣುವುದು ಉಚಿತ. ಕೊಠಡಿಗೆ ದಾನವಿತ್ತವರ ಹೆಸರು ಬಾಗಿಲ ಮೇಲಿನ ಶಿಲೆಯಲ್ಲಿ ಮೂಡುತ್ತದೆ. ಅನುದಾನವಿಲ್ಲದ ಉಪಾಧ್ಯಾಯರ ಒಂದು ವರ್ಷದ ಸಂಬಳಕ್ಕೆ, ಪ್ರಸಾದನಿಲಯದ ಜೋಳಕ್ಕೆ, ಪ್ರಯೋಗಾಲಯದ ಸಾಮಗ್ರಿಗೆ ಕೊಟ್ಟವರ ಹೆಸರು ಎಲ್ಲಿಯೂ ಮೂಡುವುದಿಲ್ಲ. ಮಳೆಗೆ ಸೋರದ ಮಾಡು ಬೇಕೇ ಬೇಕು, ಸಂದೇಹವಿಲ್ಲ. ಆದರೆ ಕೊಠಡಿ ನಿಂತು ಉಪಾಧ್ಯಾಯರು ನಿಲ್ಲದಿದ್ದರೆ ಆ ಬಂಡವಾಳವೇ ನಿಜವಾದ ದುಂದು. ವರ್ಷವರ್ಷವೂ ಕೊಟ್ಟು ವರ್ಷವರ್ಷವೂ ಬರಿದಾಗುವ ನಿಧಿಯೊಂದು ಪ್ರತಿ ಶಾಲೆಗೂ ಅಗತ್ಯ. ದಾಸೋಹವು ಕೂಡಿಡುವ ಸಂಪತ್ತಲ್ಲ. ಸವೆಯುತ್ತಲೇ ಸಾರ್ಥಕವಾಗುವ ಸಂಪತ್ತು. ಹಳೆಯ ವಿದ್ಯಾರ್ಥಿಗಳು ತಮ್ಮ ಪಾಲನ್ನು ಅಲ್ಲಿಗೆ ಸಲ್ಲಿಸಿದರೆ ಗುರುಋಣ ತೀರಿಸುವ ಮಾರ್ಗ ಅದಕ್ಕಿಂತ ನೇರವಾದುದು ಮತ್ತೊಂದಿಲ್ಲ.