ಪಟ್ಟಿಯಲ್ಲಿಲ್ಲದ ಊರು

ಹಿಂದೆ ಕಮಾನು ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೊರಡುತ್ತಿದ್ದ ಸಂಸಾರ ಅರ್ಧ ಮನೆಯನ್ನೇ ಗಾಡಿಗೆ ಏರಿಸುತ್ತಿತ್ತು. ಜಮಖಾನೆ, ಬುತ್ತಿಯ ಗಂಟು, ನೀರಿನ ಕೊಡ; ಮೂರು ಕಲ್ಲು ಸಿಕ್ಕಿದಲ್ಲಿ ಅಡುಗೆಯ ಮನೆ, ಮರದ ನೆರಳು ಸಿಕ್ಕಿದಲ್ಲಿ ಮಲಗುವ ಮನೆ. ಈಗ ಎತ್ತುಗಳ ಬದಲು ಡೀಸೆಲ್ ಬಂದಿದೆ. ಗಾಡಿಗೆ ಕ್ಯಾರವಾನ್ ಎಂದು ಹೆಸರು. ಒಳಗೆ ಮಡಿಸುವ ಮಂಚ, ಗ್ಯಾಸಿನ ಒಲೆ, ತಲೆಯ ಮೇಲೊಂದು ನೀರಿನ ತೊಟ್ಟಿ, ಮೈ ತಿರುಗಿಸಲು ಜಾಗವಿಲ್ಲದ ಸ್ನಾನದ ಕೋಣೆ. ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ದಂಪತಿಗಳು ಪರಸ್ಪರರನ್ನು ಎಷ್ಟು ಬಲ್ಲರೆಂಬುದನ್ನು ತಿಳಿಯಲು ಇಂಥ ಗಾಡಿಯಲ್ಲಿ ನಾಲ್ಕು ದಿನ ಕಳೆದರೆ ಸಾಕು.

ಬೆಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಪತ್ನಿಯೊಡನೆ ಅಂಥದೊಂದು ಗಾಡಿಯನ್ನು ಚಾಲಕನ ಸಮೇತ ಐದು ದಿನಗಳಿಗೆ ಬಾಡಿಗೆಗೆ ಹಿಡಿದಿದ್ದರು. ಯಜಮಾನರಿಗೆ ಹೊಯ್ಸಳ ಗುಡಿಗಳ ಹುಚ್ಚು. ಅವರ ಕಿರುಪುಸ್ತಕದಲ್ಲಿ ಗುಡಿಗಳ ಪಟ್ಟಿ ಲೆಡ್ಜರಿನಂತೆ ಸಾಲಾಗಿತ್ತು. ನೋಡಿ ಮುಗಿಸಿದ್ದಕ್ಕೆ ಕೆಂಪು ಶಾಯಿಯ ಗುರುತು. ಬೇಲೂರು, ಹಳೇಬೀಡುಗಳು ಕೆಂಪಾದವು. ನಾಲ್ಕನೆಯ ದಿನ ಬೆಳಗ್ಗೆ ಗಾಡಿ ಹಾರನಹಳ್ಳಿಗೆ ಬಂದು ನಿಂತಿತು.

ಅರಸೀಕೆರೆಗೆ ಎಂಟು ಕಿಲೋಮೀಟರ್ ದೂರದ ಈ ಹಳ್ಳಿಗೆ ಬೇಲೂರಿನ ಜನಜಂಗುಳಿಯಿಲ್ಲ. ಆದರೆ ಇಲ್ಲಿ ಎರಡು ಗುಡಿಗಳಿವೆ. ವೀರ ಸೋಮೇಶ್ವರನ ಕಾಲದಲ್ಲಿ, 1235ರ ಸುಮಾರಿಗೆ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಅಣ್ಣತಮ್ಮಂದಿರು ಒಂದನ್ನು ಲಕ್ಷ್ಮೀನರಸಿಂಹನಿಗೂ ಇನ್ನೊಂದನ್ನು ಸೋಮೇಶ್ವರನಿಗೂ ಕಟ್ಟಿಸಿದರು. ಹರಿಗೊಂದು, ಹರನಿಗೊಂದು. ಅಣ್ಣತಮ್ಮಂದಿರು ಸೇರಿ ಒಂದು ಗೋಡೆ ಎಬ್ಬಿಸುವುದೂ ಕಷ್ಟವಾದ ಲೋಕದಲ್ಲಿ ಎರಡು ಗುಡಿಗಳು ಎದ್ದು ನಿಂತಿರುವುದೇ ಒಂದು ಸೋಜಿಗ.

ಲಕ್ಷ್ಮೀನರಸಿಂಹನ ಗುಡಿ ತ್ರಿಕೂಟ. ಯಜಮಾನರು ಮೂರು ಗರ್ಭಗುಡಿಗಳನ್ನು ನೋಡಿ ಹೊರಗೋಡೆಯ ಶಿಲ್ಪಗಳನ್ನು ಎಣಿಸಲು ಹೋದರು. ಪತ್ನಿ ಮಾತ್ರ ನವರಂಗದಲ್ಲಿ ಒಂದು ಕಂಬದೆದುರು ನಿಂತುಬಿಟ್ಟಿದ್ದರು. ಎಣಿಕೆ ಮುಗಿಸಿ ಯಜಮಾನರು ಒಳಗೆ ಬಂದಾಗಲೂ ಆಕೆ ಅಲ್ಲಿಯೇ. ಕಂಬದ ನಡುವಿನ ಉಂಗುರದಂಥ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದರು.

"ಇದು ಲೇತಿನ ಕೆಲಸ, ರೀ. ಕಲ್ಲನ್ನು ತಿರುಗಿಸುತ್ತ ಉಳಿಯನ್ನು ಒಂದೇ ಕಡೆ ಅಲುಗದಂತೆ ಹಿಡಿದಿದ್ದಾರೆ. ಇಲ್ಲದಿದ್ದರೆ ಗೀರು ಹೀಗೆ ಸುತ್ತಿ ಬಂದು ಹೊರಟ ಜಾಗಕ್ಕೇ ಸೇರುವುದಿಲ್ಲ."

ಹೊಯ್ಸಳರ ಕಂಬಗಳನ್ನು ತಿರುಗಣೆಯಲ್ಲಿ ಕಡೆದರೆಂಬುದನ್ನೂ, ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವುದೆಂಬುದನ್ನೂ ಯಜಮಾನರು ಹತ್ತಾರು ಪುಸ್ತಕಗಳಲ್ಲಿ ಓದಿದ್ದರು. ಆದರೆ ಗೀರು ಹೊರಟ ಜಾಗವನ್ನು ಹುಡುಕಿ ಯಾವ ಕಂಬವನ್ನೂ ಮುಟ್ಟಿದವರಲ್ಲ.

"ನಿನಗೆ ಇದೆಲ್ಲ ಯಾರು ಹೇಳಿದರು?"

"ಅಪ್ಪ ಟರ್ನರ್ ಅಲ್ಲವೇ? ನನಗೊಂದು ಬುಗುರಿ ಕಡೆದು ತಂದಿದ್ದರು, ಉಕ್ಕಿನದು. ಅದರ ಮೇಲೂ ಹೀಗೆಯೇ ಗೀರುಗಳಿದ್ದವು."

ಮಾವನವರು ಭದ್ರಾವತಿಯ ಕಾರ್ಖಾನೆಯಲ್ಲಿದ್ದರೆಂಬುದು ಅಳಿಯನಿಗೆ ತಿಳಿದಿತ್ತು. ಅಲ್ಲಿ ಏನಾಗಿದ್ದರೆಂದು ಕೇಳುವ ಸಂದರ್ಭ ಈ ನಲವತ್ತು ವರ್ಷಗಳಲ್ಲಿ ಬಂದಿರಲಿಲ್ಲ.

ಊಟದ ಹೊತ್ತಿಗೆ ತೆಂಗಿನ ತೋಟದ ಮಗ್ಗುಲಲ್ಲಿ ಗಾಡಿ ನಿಂತಾಗ ಚರ್ಚೆ ಆರಂಭವಾಯಿತು. ಮಿಕ್ಕಿರುವುದು ಒಂದೇ ರಾತ್ರಿ. ಮರುದಿನ ಸಂಜೆ ಗಾಡಿಯನ್ನು ಬೆಂಗಳೂರಿನಲ್ಲಿ ಒಪ್ಪಿಸಬೇಕು. ಯಜಮಾನರ ಪಟ್ಟಿಯಂತೆ ಮುಂದಿನದು ತರೀಕೆರೆಯ ಬಳಿಯ ಅಮೃತಾಪುರ, 1196ರ ಅಮೃತೇಶ್ವರ. ಪತ್ನಿ ಮೊಸರನ್ನಕ್ಕೆ ಉಪ್ಪಿನಕಾಯಿ ಬಡಿಸುತ್ತ, ಭದ್ರಾವತಿಗೆ ಹೋಗೋಣವೆಂದರು.

"ಅಲ್ಲ ಕಣೇ, ಭದ್ರಾವತಿಯಲ್ಲಿ ನೋಡುವುದಕ್ಕೇನಿದೆ?"

ಚಾಲಕನೂ ತಲೆಯಾಡಿಸಿದ. ಊಟಿ, ಕೊಡಗು, ಗೋಕರ್ಣಗಳಿಗೆ ಜನರನ್ನು ಕರೆದೊಯ್ದವನು; ಕಾರ್ಖಾನೆಯ ಊರಿನಲ್ಲಿ ತಂಗಬೇಕೆಂದವರನ್ನು ಕಂಡಿರಲಿಲ್ಲ.

ಆಕೆ ವಾದಿಸಲಿಲ್ಲ. "ಎಂಟುನೂರು ವರ್ಷ ನಿಂತ ಗುಡಿ ನಮಗಾಗಿ ಇನ್ನೊಂದು ವರ್ಷ ನಿಂತೀತು. ಆ ಮನೆ ನಿಲ್ಲುತ್ತದೆಯೋ ಇಲ್ಲವೋ" ಎಂದಷ್ಟೇ ಹೇಳಿ ತಟ್ಟೆ ತೊಳೆಯಲು ಎದ್ದರು. ಯಜಮಾನರು ಕಿರುಪುಸ್ತಕ ತಿರುವಿದರು. ಕೊನೆಯ ಪುಟದಲ್ಲಿ, ಸಮಯವಿದ್ದರೆ ಎಂಬ ತಲೆಬರಹದ ಕೆಳಗೆ, ಪೆನ್ಸಿಲಿನಲ್ಲಿ ಒಂದು ಸಾಲಿತ್ತು: ಭದ್ರಾವತಿ, ಲಕ್ಷ್ಮೀನರಸಿಂಹ, ತ್ರಿಕೂಟ. ಸೋಲೊಪ್ಪಿಕೊಳ್ಳಲು ಗಂಡಸಿಗೆ ಒಂದು ನೆಪ ಬೇಕು. ನರಸಿಂಹಸ್ವಾಮಿಯೇ ಅದನ್ನು ಒದಗಿಸಿದ.

ಕಡೂರು, ಬೀರೂರು ಕಳೆದು ತರೀಕೆರೆಯಲ್ಲಿ ಗಾಡಿ ನೇರವಾಗಿ ಮುಂದಕ್ಕೆ ಸಾಗಿತು. ಎಡಗಡೆ ದೂರದಲ್ಲಿ ಬಾಬಾಬುಡನ್ ಗಿರಿಯ ಸಾಲು. ಅಲ್ಲಿಯ ಕೆಮ್ಮಣ್ಣುಗುಂಡಿಗೆ ಜನ ಹೂದೋಟ, ತಂಗಾಳಿಗಳಿಗಾಗಿ ಹೋಗುತ್ತಾರೆ. ಆ ಕೆಂಪು ಮಣ್ಣು ಕಬ್ಬಿಣದ ಅದಿರೆಂಬುದೂ, ಅದೇ ಇಳಿದು ಬಂದು ಭದ್ರಾವತಿಯ ಕುಲುಮೆ ತುಂಬಿತೆಂಬುದೂ ಹೂದೋಟದ ನೆರಳಿನಲ್ಲಿ ಯಾರಿಗೆ ನೆನಪಾದೀತು?

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರು ಕುಲುಮೆಗಿಂತ ಹಿಂದಿನದು, ಆದರೂ ಮುಂದಾಗುವುದನ್ನು ಅರಿತೇ ಇಟ್ಟಂತಿದೆ. ಕಾರ್ಖಾನೆಯ ಸ್ಥಾಪನೆ 1918ರಲ್ಲಿ. ಉತ್ಪಾದನೆ ಆರಂಭವಾದುದು 1923ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಕಾಡಿತ್ತು, ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಕಾಡಿನ ಮರವನ್ನು ಸುಟ್ಟು ಇದ್ದಲು ಮಾಡಿ ಅದರಿಂದ ಕಬ್ಬಿಣ ಕರಗಿಸಿದರು. ಮರ ಸುಡುವಾಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ ಟಾರು, ಸ್ಪಿರಿಟುಗಳನ್ನು ಇಳಿಸಿದರು. ಅಷ್ಟಾದರೂ ಮೊದಲ ವರ್ಷಗಳಲ್ಲಿ ನಷ್ಟ; ಮುಚ್ಚಿಬಿಡಿರೆಂಬ ಮಾತು ಆಗಲೇ ಎದ್ದಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಅದನ್ನು ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಮುಂದೆ ಜೋಗದ ವಿದ್ಯುತ್ತಿನಿಂದ ಉರಿಯುವ ಕುಲುಮೆಗಳು ಬಂದವು.

ಕಾಗದದ ಕಾರ್ಖಾನೆ ಈಗ ನಿಂತಿದೆ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿತು. 2023ರ ಜನವರಿಯಲ್ಲಿ, ಉತ್ಪಾದನೆ ಆರಂಭವಾಗಿ ಸರಿಯಾಗಿ ನೂರು ವರ್ಷ ತುಂಬಿದಾಗ, ಮುಚ್ಚುವ ನಿರ್ಧಾರ ಹೊರಬಿತ್ತು. ಶತಮಾನೋತ್ಸವಕ್ಕೆ ಇಂಥ ಉಡುಗೊರೆ! ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷದ ಆಗಸ್ಟಿನಲ್ಲಿ ಒಂದು ವಿಭಾಗದ ಕೆಲಸ ಮತ್ತೆ ಶುರುವಾಯಿತು.

ಗಾಡಿ ವಸತಿಗೃಹಗಳ ಬೀದಿ ಸೇರಿದಾಗ ಸಂಜೆಯಾಗಿತ್ತು. ಆಕೆ ಮನೆಯನ್ನು ಸಂಖ್ಯೆಯಿಂದಲ್ಲ, ಬಾದಾಮಿ ಮರದಿಂದ ಗುರುತಿಸಿದರು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಹೆಂಚು ಒಂದು ಕಡೆ ಕುಸಿದಿತ್ತು. ಆಕೆ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿ, ಏನನ್ನೋ ಅಳೆಯುವವರಂತೆ ಬಹಳ ಹೊತ್ತು ನೋಡಿದರು. "ಇಷ್ಟು ಚಿಕ್ಕದೇ!" ಎಂದರು.

ಪಕ್ಕದ ಮನೆಯಿಂದ ಮುದುಕರೊಬ್ಬರು ಹೊರಗೆ ಬಂದರು. ತಂದೆಯ ಹೆಸರು ಹೇಳಿದಾಗ ಅವರಿಗೆ ತಟಕ್ಕನೆ ಹೊಳೆಯಲಿಲ್ಲ. ಮಷಿನ್ ಶಾಪು, ಟರ್ನರು ಎಂದೊಡನೆ ಮುಖ ಅರಳಿತು. "ಓ, ಬುಗುರಿ ಮಾಡಿಕೊಡುತ್ತಿದ್ದವರ ಮಗಳೇನಮ್ಮಾ! ನಮ್ಮ ಮನೆಯಲ್ಲೂ ಒಂದಿತ್ತು." ಬೀದಿಯ ಎಲ್ಲ ಮಕ್ಕಳಿಗೂ ಬುಗುರಿ ಸಿಕ್ಕಿತ್ತೆಂದು ಆಕೆಗೆ ಗೊತ್ತಾದುದು ಅಂದೇ. ಮುಖದಲ್ಲಿ ತುಸು ನಿರಾಶೆ, ಅದರ ಹಿಂದೆಯೇ ನಗು.

ಗಾಡಿಯ ತೊಟ್ಟಿಯಲ್ಲಿ ನೀರು ಮುಗಿದಿತ್ತು. ಮುದುಕರು ತಮ್ಮ ನಲ್ಲಿಗೆ ಕೊಳವೆ ಹಚ್ಚಿ ತುಂಬಿಸಿಕೊಟ್ಟರು. ಹಣದ ಮಾತೆತ್ತಿದ ಯಜಮಾನರನ್ನು ಒಂದು ನೋಟದಿಂದಲೇ ಸುಮ್ಮನಾಗಿಸಿದರು. ರಾತ್ರಿ ಗಾಡಿ ಆ ಬೀದಿಯಲ್ಲೇ ತಂಗಿತು. ಹಿಂದೆ ಕುಲುಮೆಯ ಕಿಟ್ಟ ಸುರಿಯುವಾಗ ಆಕಾಶವೆಲ್ಲ ಕೆಂಪಾಗುತ್ತಿತ್ತೆಂದೂ, ಆ ಬೆಳಕಿನಲ್ಲಿ ತಾವು ಮಗ್ಗಿ ಬಾಯಿಪಾಠ ಮಾಡುತ್ತಿದ್ದುದೆಂದೂ ಆಕೆ ಹೇಳುತ್ತಿದ್ದರು. ಯಜಮಾನರು ಗಾಡಿಯ ಚಿಕ್ಕ ಕಿಟಕಿಯಿಂದ ನೋಡಿದರು. ಆಕಾಶ ಕಪ್ಪಗಿತ್ತು.

ಬೆಳಗ್ಗೆ ಹಳೆಯ ಊರಿನ ಲಕ್ಷ್ಮೀನರಸಿಂಹನ ಗುಡಿಗೆ ಹೋದರು. ಇಲ್ಲಿಯೂ ಮೂರು ಗರ್ಭಗುಡಿಗಳು. ಯಜಮಾನರು ಹೊರಗೋಡೆಯ ಶಿಲ್ಪಗಳನ್ನು ಎಣಿಸಲು ಹೋಗದೆ ಮೊದಲು ಒಂದು ಕಂಬದ ಬಳಿ ನಿಂತು, ಅತ್ತಿತ್ತ ನೋಡಿ, ಬೆರಳಿಟ್ಟು ಒಂದು ಸುತ್ತು ಬಂದರು. ಆಕೆ ಕಂಡೂ ಕಾಣದವರಂತೆ ಪ್ರದಕ್ಷಿಣೆ ಮುಂದುವರಿಸಿದರು.

ಬೆಂಗಳೂರಿನ ದಾರಿ ಹಿಡಿದ ಮೇಲೆ ಕಿರುಪುಸ್ತಕ ಹೊರಬಂತು. ಪೆನ್ಸಿಲಿನ ಸಾಲಿಗೆ ಕೆಂಪು ಗುರುತು ಬಿತ್ತು. ಯಜಮಾನರು ಪುಸ್ತಕ ಮುಚ್ಚಲಿಲ್ಲ.

"ನಿಮ್ಮ ತಂದೆಯವರು ಕೆಲಸಕ್ಕೆ ಸೇರಿದ್ದು ಯಾವ ಇಸವಿ?"

ಆಕೆ ಹೇಳಿದರು. ಕಾರ್ಖಾನೆಯ ಗೇಟಿನೆದುರು ಒಂದು ಲಾರಿ ಹಾರನ್ ಮಾಡುತ್ತ ತಿರುಗುತ್ತಿತ್ತು, ಮಾತು ಕೇಳಿಸಲಿಲ್ಲ. ಯಜಮಾನರು ಚಾಲಕನ ಭುಜ ತಟ್ಟಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದರು.