ಬಣ್ಣ ಆಮೇಲೆ, ಮೊದಲು ಸೂರು

ನವರಾತ್ರಿ ಹತ್ತಿರ ಬಂತೆಂದರೆ ಶಿವಮೊಗ್ಗ–ಭದ್ರಾವತಿ ಹೆದ್ದಾರಿಯ ಮಲವಗೊಪ್ಪದಂಥ ಊರುಗಳಲ್ಲೂ ಸುಣ್ಣ-ಬಣ್ಣದ ಗಡಿಬಿಡಿ. ಈ ಆತುರ ತಪ್ಪು ಎಂಬುದು ನನ್ನ ವಾದ. ಶರದೃತು ಬಂದರೆ ಮಳೆ ಮುಗಿಯಿತೆಂಬುದನ್ನು ನಮ್ಮ ಪಂಚಾಂಗವೇ ಒಪ್ಪುವುದಿಲ್ಲ. ಹಸ್ತಾ, ಚಿತ್ತಾ, ಸ್ವಾತಿ ಮಳೆಗಳು ನವೆಂಬರ್ ಮೊದಲ ವಾರದವರೆಗೂ ಬಾಕಿ ಇರುತ್ತವೆ. ಹಿಂಗಾರು ಗುಡುಗುತ್ತಾ ಬರುವುದೂ ಆಗಲೇ. ಜೂನ್‌ನಿಂದ ನೀರು ಕುಡಿದ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಒಳಗಿನ ತೇವಕ್ಕೆ ಹೊರದಾರಿ ಇಲ್ಲ. ಪೇಂಟು ಗುಳ್ಳೆಯೆದ್ದು ಹಪ್ಪಳದಂತೆ ಕಳಚುತ್ತದೆ, ಹಿಂದೆ ಬಿಳಿ ಉಪ್ಪು ಕಾಣುತ್ತದೆ. ಅದೇ ದುಡ್ಡಿನಲ್ಲಿ ಒಡೆದ ಹೆಂಚು ಬದಲಿಸಿ, ತಾರಸಿಯ ನೀರಿಳಿಯುವ ಪೈಪಿನಲ್ಲಿ ಕಟ್ಟಿಕೊಂಡ ಎಲೆ-ಪಾಚಿ ತೆಗೆಸಿದರೆ ಗೋಡೆ ತಾನಾಗಿ ಒಣಗತೊಡಗುತ್ತದೆ.

ಹಬ್ಬಕ್ಕೆ ಮನೆ ಮಂಕಾಗಿರಬೇಕೇ ಎಂಬ ಆಕ್ಷೇಪ ಸಹಜ, ನ್ಯಾಯವೂ ಹೌದು. ಅದಕ್ಕೆ ಸುಣ್ಣವಿದೆ: ಅಗ್ಗ, ತೇವವನ್ನು ಹೊರಬಿಡುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಪೇಂಟು ಜನವರಿಗೆ ಕಾಯಲಿ. ನಮ್ಮ ಹಬ್ಬದ ಶುಚಿ ಬೀದಿಗೆ ಕಾಣುವ ಕಡೆಗಷ್ಟೇ ಎಂಬ ಅನುಮಾನವೂ ನನಗಿದೆ. ಹಿತ್ತಲಿನ ನೀರಿನ ಡ್ರಮ್ಮನ್ನು ಯಾರೂ ಮುಟ್ಟುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಅದರ ಒಳಮೈಗೆ ಅಂಟಿ, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಬರೀ ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು. ಆಯುಧಪೂಜೆಗೆ ಬೈಕು ತೊಳೆಯುವ ದಿನವೇ ಅದನ್ನೂ ಮುಗಿಸಬಹುದು.