ಪಟ್ಟಣದ ಅಳತೆಗೋಲಿನಲ್ಲಿ ಹೆಣ್ಣಿನ ದುಡಿಮೆ: ಜನಗಣತಿ ಆಯುಕ್ತರಿಗೊಂದು ಬಹಿರಂಗ ಪತ್ರ

ಭಾರತದ ಮಹಾನೋಂದಣಾಧಿಕಾರಿಗಳೂ ಜನಗಣತಿ ಆಯುಕ್ತರೂ ಆದ ಮಾನ್ಯರಲ್ಲಿ ವಿಜ್ಞಾಪನೆ.

ಮಾನ್ಯರೆ,

ಒಂದು ಊರು ಹಳ್ಳಿಯೋ ಪಟ್ಟಣವೋ ಎಂಬುದನ್ನು ಅಲ್ಲಿ ಬಾಳುವವರು ಸಂತೆಯಿಂದಲೋ, ಬಸ್ಸು ನಿಲ್ಲುವ ಕಟ್ಟೆಯಿಂದಲೋ, ಔಷಧದ ಅಂಗಡಿ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆಂಬುದರಿಂದಲೋ ತಿಳಿದುಕೊಳ್ಳುತ್ತಾರೆ. ಸರಕಾರವಾದರೋ ಇದೇ ಪ್ರಶ್ನೆಗೆ ಎರಡು ಬಾಯಿಗಳಿಂದ ಉತ್ತರ ಹೇಳುತ್ತದೆ. ರಾಜ್ಯ ಸರಕಾರವು ಅಧಿಸೂಚನೆ ಹೊರಡಿಸಿ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳನ್ನು ಸ್ಥಾಪಿಸುವುದು ಒಂದು ಬಗೆ. ಅಂತಹ ಅಧಿಸೂಚನೆಯಿಲ್ಲದೆ ಗ್ರಾಮ ಪಂಚಾಯತಿಯ ಆಡಳಿತದಲ್ಲಿಯೇ ಉಳಿದ ಊರನ್ನು ತಮ್ಮ ಇಲಾಖೆಯು ತನ್ನದೇ ಅಳತೆಗೋಲಿನಿಂದ ಅಳೆದು ಗಣತಿ ಪಟ್ಟಣವೆಂದು ಕರೆಯುವುದು ಇನ್ನೊಂದು ಬಗೆ. ಈ ಪತ್ರವು ಎರಡನೆಯದನ್ನು, ಅದರಲ್ಲಿಯೂ ಆ ಅಳತೆಗೋಲಿನ ಮೇಲಿರುವ ಒಂದೇ ಒಂದು ಪದವನ್ನು ಕುರಿತದ್ದು.

ಜನಸಂಖ್ಯೆ 5,000ಕ್ಕೆ ಕಡಮೆಯಿರಬಾರದು. ಚದರ ಕಿಲೋಮೀಟರಿಗೆ 400 ಜನರಾದರೂ ಇರಬೇಕು. ಮುಖ್ಯ ದುಡಿಮೆಗಾರರಾದ ಪುರುಷರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯದ ಹೊರಗಿನ ವೃತ್ತಿಯಲ್ಲಿರಬೇಕು. 1961ರ ಗಣತಿಯಿಂದ ಅಲ್ಪಸ್ವಲ್ಪ ಮಾರ್ಪಾಟಿನೊಡನೆ ನಡೆದುಬಂದಿರುವ ಈ ಪರೀಕ್ಷೆಯ ಪರಿಣಾಮ ಸಣ್ಣದಲ್ಲ. 2001ರಲ್ಲಿ ದೇಶದಲ್ಲೆಲ್ಲ 1,362 ಇದ್ದ ಗಣತಿ ಪಟ್ಟಣಗಳು 2011ರಲ್ಲಿ 3,894 ಆಗಿ, ಅಧಿಸೂಚಿತವಾದ 4,041 ಪಟ್ಟಣಗಳಿಗೆ ಸರಿಸಮವಾಗಿ ನಿಂತುವು. ಕರ್ನಾಟಕದಲ್ಲಿ ಅವು 127. ಮಂಗಳೂರಿನ ವಿಮಾನ ನಿಲ್ದಾಣವನ್ನು ನೆರೆಯಲ್ಲಿಟ್ಟುಕೊಂಡ ಬಜಪೆಯನ್ನು ತಮ್ಮ ಇಲಾಖೆ ಪಟ್ಟಣವೆಂದು ಬರೆದುಕೊಂಡು ಹಲವು ವರ್ಷಗಳು ಕಳೆದ ಮೇಲೆಯೇ ಅದಕ್ಕೆ ಪಟ್ಟಣ ಪಂಚಾಯತಿ ಬಂದಿತು. ಇಷ್ಟಾಗಿಯೂ ತಮ್ಮ ಪಟ್ಟಿಯಲ್ಲಿ ಹೆಸರಿದ್ದ ಊರಿನವರಿಗೆ, ಚರಂಡಿಗಾಗಿ ಅರ್ಜಿ ಹಿಡಿದು ಹೋದಾಗ, ತೋರಿಸಲು ಒಂದು ಆಧಾರವಾದರೂ ಇರುತ್ತದೆ. ಪಟ್ಟಿಯಲ್ಲಿಯೇ ಇಲ್ಲದವರಿಗೆ ಅದೂ ಇಲ್ಲ.

ಆ ಪರೀಕ್ಷೆಯಲ್ಲಿ ‘ಪುರುಷರಲ್ಲಿ’ ಎಂಬ ಪದ ಏಕೆ ಇರಬೇಕು?

ನಾನು ದಕ್ಷಿಣ ಕನ್ನಡದವನು; ಬೀಡಿ ಕಟ್ಟಿದ ತಾಯಿಯ ಮಗ. ರಾತ್ರಿ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಗ್ಗೆ ತಗಡಿನ ಅಚ್ಚನ್ನಿಟ್ಟು ಕತ್ತರಿಯಿಂದ ಕತ್ತರಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಳೆಂದರೆ, ಒಲೆಯ ಮೇಲಿನ ಅನ್ನ ಉಕ್ಕಿದಾಗಲಲ್ಲದೆ ಆಕೆ ಏಳುತ್ತಿರಲಿಲ್ಲ. ಎಲೆಯೊಳಗೆ ಹೊಗೆಸೊಪ್ಪನ್ನು ಹರಡಿ, ಸುರುಳಿ ಸುತ್ತಿ, ನೂಲು ಬಿಗಿದು, ಬಾಯಿ ಮಡಿಸುವ ಆ ಬೆರಳುಗಳು ನೆರೆಯವರೊಡನೆ ಮಾತಾಡುವಾಗಲೂ ನಿಲ್ಲುತ್ತಿರಲಿಲ್ಲ. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದು, ಲೆಕ್ಕ ಕೊಟ್ಟು, ಮರುದಿನದ ಎಲೆಸೊಪ್ಪು ತರುವುದು ವರ್ಷದ ಎಲ್ಲ ಋತುಗಳಲ್ಲಿಯೂ ನಡೆಯುವ ಕೆಲಸ. ನಮ್ಮ ತಂದೆ ಗದ್ದೆಯ ಕೂಲಿ. ಮಳೆಗಾಲದಲ್ಲಿ ಕೈತುಂಬ ಕೆಲಸ, ಬೇಸಗೆಯಲ್ಲಿ ಎಷ್ಟೋ ದಿನ ಬರಿಗೈ. ಶಾಲೆಯ ಶುಲ್ಕವೂ ಅಂಗಡಿಯ ಸಾಲವೂ ತೀರುತ್ತಿದ್ದುದು ಬೀಡಿಯ ದುಡ್ಡಿನಿಂದಲೇ. ತಮ್ಮ ಪರೀಕ್ಷೆಯ ಪ್ರಕಾರ ನಮ್ಮದು ಬೇಸಾಯದ ಮನೆ! ವರ್ಷದಲ್ಲಿ ಆರು ತಿಂಗಳಿಗೆ ಕಡಮೆಯಿಲ್ಲದೆ ದುಡಿದವರನ್ನು ಮುಖ್ಯ ದುಡಿಮೆಗಾರರೆಂದು ತಾವೇ ನಿರೂಪಿಸಿರುವಿರಿ. ಹನ್ನೆರಡು ತಿಂಗಳೂ ದುಡಿದವಳು ಊರಿನ ಸ್ವರೂಪವನ್ನು ನಿರ್ಣಯಿಸುವ ಹೊತ್ತಿಗೆ ಲೆಕ್ಕದಿಂದ ಹೊರಗಾದಳು.

ಈ ದೇಶದ ಶಾಸನಕ್ಕೆ ಆಕೆ ಕಾಣದವಳಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಕಾರ್ಖಾನೆಯ ಹೊಸ್ತಿಲನ್ನು ತುಳಿಯದೆ ಮನೆಯಲ್ಲಿಯೇ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿಕೊಂಡಿತು. ಹೀಗಿರುವಲ್ಲಿ, ಅಂತಹ ಜಗಲಿಗಳು ಸಾಲುಸಾಲಾಗಿರುವ ಊರಿನ ಗುಣವನ್ನು ಗಂಡಸರ ಕಸುಬಿನಿಂದ ಮಾತ್ರ ಅಳೆಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇದಕ್ಕೊಂದು ಆಕ್ಷೇಪವುಂಟೆಂಬುದನ್ನು ಬಲ್ಲೆ, ಅದು ಹಗುರವಾದುದೂ ಅಲ್ಲ. ಬಯಲುಸೀಮೆಯಲ್ಲಿ ಗಂಡಸರು ಗಿರಣಿಗೋ ಕಟ್ಟಡದ ಕೆಲಸಕ್ಕೋ ಹೋದ ಮೇಲೆ ಕಳೆ ಕೀಳುವವರೂ ನಾಟಿ ಮಾಡುವವರೂ ಹೆಂಗಸರೇ. ಅವರನ್ನು ಕೂಡಿಸಿ ಎಣಿಸಿದರೆ ಈಗ ಪಟ್ಟಣವೆನಿಸಿಕೊಂಡ ಎಷ್ಟೋ ಊರುಗಳು ಮತ್ತೆ ಹಳ್ಳಿಗಳಾಗಬಹುದು. ಆಗಲಿ ಎಂದು ಸುಲಭವಾಗಿ ಹೇಳಿಬಿಡಲಾರೆ, ಏಕೆಂದರೆ ಆ ಊರಿನವರಿಗೂ ಚರಂಡಿ ಬೇಕು. ಆದರೆ ಗಂಡಸರು ಗಿರಣಿಯಲ್ಲಿಯೂ ಹೆಂಗಸರು ಹೊಲದಲ್ಲಿಯೂ ಇರುವ ಊರು ಅರ್ಧ ಪಟ್ಟಣ, ಅರ್ಧ ಹಳ್ಳಿ ಎಂಬುದು ಸತ್ಯವಾಗಿದ್ದರೆ, ಆ ಸತ್ಯವು ಅಂಕಿಗಳಲ್ಲಿ ಕಾಣಿಸಿಕೊಳ್ಳುವುದೇ ಲೇಸು; ಸಂವಿಧಾನದ 243ಕ್ಯೂ ವಿಧಿಯು ಹಳ್ಳಿಯಿಂದ ನಗರಕ್ಕೆ ತಿರುಗುತ್ತಿರುವ ಪ್ರದೇಶಕ್ಕೆಂದೇ ಒಂದು ಸ್ಥಾನವನ್ನು ಕಲ್ಪಿಸಿಲ್ಲವೆ?

ಮುಂದಿನ ಗಣತಿಯು 2027ರ ಮಾರ್ಚ್ 1ನೆಯ ದಿನಾಂಕಕ್ಕೆ ಗೊತ್ತಾಗಿದೆ. ಒಂದು ಗಣತಿಯ ಅಂಕಿಗಳಿಂದ ಅದರ ಮುಂದಿನದರ ಪಟ್ಟಣಗಳನ್ನು ಮುಂಚಿತವಾಗಿ ಗುರುತಿಸುವುದು ತಮ್ಮಲ್ಲಿನ ಪದ್ಧತಿಯಾದುದರಿಂದ, ಈಗ ಬಿಟ್ಟುಹೋದ ಊರು ಬಹುಕಾಲ ಬಿಟ್ಟೇ ಹೋಗುತ್ತದೆ. ಆದುದರಿಂದ, ‘ಪುರುಷರಲ್ಲಿ’ ಎಂಬ ಆ ಪದವನ್ನು ತೆಗೆಯಲು ತಮಗೆ ಈ ಸಲ ಸಾಧ್ಯವಾಗದಿದ್ದರೂ, ಪ್ರತಿ ಊರಿನ ಎದುರಿಗೆ ಬೇಸಾಯದ ಹೊರಗೆ ದುಡಿಯುವವರ ಪ್ರಮಾಣವನ್ನು, ಪುರುಷರದನ್ನೂ ಸ್ತ್ರೀಯರದನ್ನೂ ಇಬ್ಬರದನ್ನು ಕೂಡಿಸಿದುದನ್ನೂ ಬೇರೆಬೇರೆಯಾಗಿ ಅಚ್ಚುಮಾಡಿ, ಯಾವ ಊರು ಯಾವ ಲೆಕ್ಕದಿಂದ ಪಟ್ಟಣವಾಗುತ್ತದೆಂಬುದನ್ನು ಪ್ರಕಟಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಅರಿಕೆ. ನನ್ನ ತಾಯಿಯ ಬೆರಳುಗಳು ಈಗ ಬಾಗುವುದಿಲ್ಲ. ಆಕೆಯ ಮೊರ ಅಟ್ಟ ಸೇರಿದೆ. ಪಕ್ಕದ ಮನೆಯ ಸೊಸೆ ಇಂದಿಗೂ ಕಟ್ಟುತ್ತಾಳೆ. ಏನು ಕೆಲಸ ಮಾಡುತ್ತೀಯಮ್ಮಾ ಎಂದು ಯಾರು ಕೇಳಿದರೂ, “ಏನಿಲ್ಲ, ಮನೆಯಲ್ಲೇ ಇರುವುದು” ಎನ್ನುವುದು ಅವಳ ರೂಢಿ. ತಮ್ಮ ಗಣತಿದಾರರು ಆ ಜಗಲಿಗೆ ಬಂದು ಅದೇ ಉತ್ತರವನ್ನು ಕೇಳಿದಾಗ, ಬರೆದುಕೊಳ್ಳುವ ಮುನ್ನ ಅವಳ ತೊಡೆಯ ಮೇಲಿನ ಮೊರವನ್ನು ನೋಡಿ ಮತ್ತೊಂದು ಪ್ರಶ್ನೆ ಹಾಕುವಂತೆ ತಾವು ಅಪ್ಪಣೆ ಮಾಡಬೇಕು.

ಇತಿ,
ತಮ್ಮ ವಿಶ್ವಾಸಿ